ಒಡೆಯದೆ ನೋಡುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುವುದು ವಾಡಿಕೆ. ಒಳಗಿನ ನೀರು ಬತ್ತಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು ಉಂಡೆಯಾಯಿತೋ ಇಲ್ಲವೋ ಎಂಬುದನ್ನರಿಯಲು ಅನುಭವಸ್ಥನಾದ ರೈತನು ಕಾಯನ್ನು ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಾನೆ. ಒಡೆದರೆ ಪರೀಕ್ಷೆಯೂ ಮುಗಿಯಿತು, ಕಾಯಿಯೂ ಮುಗಿಯಿತು.

ಕಾಯಿ ಹೋದರೆ ಒಂದು ಕಾಯಿ ಹೋಯಿತು. ಆದರೆ ಅದೇ ರೈತನ ಕಣ್ಣಿಗೆ ಗರಿಯ ತುದಿ ತಗುಲಿತೆನ್ನಿ. ಅಂತಹ ಗಾಯದಲ್ಲಿ ಬೂಷ್ಟು ಬೇರೂರಿ, ಕರಿಗುಡ್ಡೆಯನ್ನು ಮುಚ್ಚಿರುವ ತಿಳಿಯಾದ ಪಟಲವಾದ ಕಾರ್ನಿಯಾದಲ್ಲಿ ಹುಣ್ಣಾಗುವುದುಂಟು, ದೃಷ್ಟಿಯೇ ನಷ್ಟವಾಗುವುದುಂಟು. ವೈದ್ಯರು ಹುಣ್ಣನ್ನು ಮೆಲ್ಲನೆ ಕೆರೆದು ಪರೀಕ್ಷಿಸುತ್ತಾರೆ. ಬೂಷ್ಟು ಆಳಕ್ಕಿಳಿದಿದ್ದರೆ ಅದು ಕೆರೆತಕ್ಕೆ ಸಿಕ್ಕದೆ ಹೋಗಬಹುದು. ಕಣ್ಣನ್ನು ಕಾಯಿಯಂತೆ ಒಡೆದು ನೋಡಲಾದೀತೆ?

ಸಾಧಾರಣ ಸೂಕ್ಷ್ಮದರ್ಶಕಕ್ಕೆ ಇಲ್ಲೊಂದು ತೊಡಕು. ದಪ್ಪನೆಯ ವಸ್ತುವಿನ ಎಲ್ಲ ಪದರಗಳಿಂದಲೂ ಬೆಳಕು ಒಟ್ಟಿಗೆ ಬಂದು ಕಲಸಿಹೋಗುತ್ತದೆ; ತೋಟದ ಅಂಚಿನಲ್ಲಿ ನಿಂತವನಿಗೆ ಸಾಲು ಸಾಲು ಮರಗಳ ಗರಿಗಳು ಒಂದರ ಮೇಲೊಂದು ಬಿದ್ದು ಯಾವ ಗೊನೆ ಯಾವ ಮರದ್ದೆಂದು ತಿಳಿಯದಂತೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ಮಾರ್ವಿನ್ ಮಿನ್‌ಸ್ಕಿ 1957ರಲ್ಲಿ ಕಾನ್‌ಫೋಕಲ್ ಸೂಕ್ಷ್ಮದರ್ಶಕಕ್ಕೆ ಪೇಟೆಂಟ್ ಕೋರಿದರು. 1961ರಲ್ಲಿ ಅದು ದೊರೆಯಿತು.

ಅದರ ಗುಟ್ಟು ಒಂದು ಸಣ್ಣ ರಂಧ್ರ. ಬೆಳಕನ್ನು ವಸ್ತುವಿನೊಳಗಿನ ಒಂದೇ ಬಿಂದುವಿನಲ್ಲಿ ಕೂಡಿಸುತ್ತಾರೆ. ಆ ಬಿಂದುವಿನಿಂದ ಹಿಂದಿರುಗಿದ ಬೆಳಕು ಸರಿಯಾಗಿ ರಂಧ್ರದಲ್ಲಿ ಬಂದು ಸೇರಿ ದಾಟುತ್ತದೆ. ಮೇಲಿನ, ಕೆಳಗಿನ ಪದರಗಳ ಬೆಳಕು ಹರಡಿಕೊಂಡು ಬಂದು ಬಹುಪಾಲು ಹೊರಗೇ ಉಳಿಯುತ್ತದೆ. ನೇಗಿಲು ಸಾಲು ಹಿಡಿದಂತೆ ಬಿಂದು ಬಿಂದುವಾಗಿ ಒಂದು ಪದರವನ್ನು ಮುಗಿಸಿ, ಮುಂದಿನ ಆಳಕ್ಕೆ ಇಳಿಯುತ್ತಾರೆ. ಪದರಗಳನ್ನು ಜೋಡಿಸಿದರೆ ವಸ್ತುವಿನ ಘನರೂಪವೇ ಮೂಡುತ್ತದೆ. ಲೇಸರ್ ಮತ್ತು ಕಂಪ್ಯೂಟರುಗಳ ನೆರವಿನಿಂದ 1980ರ ದಶಕದ ಅನಂತರ ಈ ಯಂತ್ರವು ಬಳಕೆಗೆ ಬಂದಿತು.

ಪ್ರಯೋಗಾಲಯಗಳಲ್ಲಿ ಹೊಳೆಯುವ ಬಣ್ಣಗಳನ್ನು ಹಚ್ಚಿ ಜೀವಕೋಶದ ಒಳಗನ್ನೂ ನರಗಳ ಕವಲುಗಳನ್ನೂ ಇದರಿಂದ ನೋಡುತ್ತಾರೆ. ಕಣ್ಣಿಗೆ ಬಣ್ಣವೂ ಬೇಡ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್; ಬೆಳಕು ಒಳಹೊಕ್ಕು ಹಿಂದಿರುಗುತ್ತದೆ. ಬೂಷ್ಟಿನ ಎಳೆಗಳಿದ್ದರೆ ಬಿಳಿಯ ಗೆರೆಗಳಾಗಿ ತೋರುತ್ತವೆ. ಕೆರೆದು ಮಾಡುವ ಪರೀಕ್ಷೆ ಇದರಿಂದ ಬೇಡವಾಗುವುದಿಲ್ಲ. ಅದಕ್ಕೆ ಇದು ಜೊತೆಯ ಸಾಕ್ಷಿ. ಆದರೆ ನೋವನ್ನು ನುಂಗಿಕೊಂಡು, ಯಾವುದೋ ಸೊಪ್ಪಿನ ರಸ ಹಿಂಡಿಸಿಕೊಂಡು ವಾರಗಟ್ಟಲೆ ಮನೆಯಲ್ಲೇ ಉಳಿದವನಿಗೆ ಯಾವ ಯಂತ್ರ ತಾನೆ ಏನು ಮಾಡೀತು?

ತೆಂಗಿನ ಚಿಪ್ಪನ್ನು ಈ ಬೆಳಕು ದಾಟಲಾರದು. ಅಟ್ಟದ ಮೇಲೆ ರೈತನ ಕಿವಿಯೇ ಇಂದಿಗೂ ಪ್ರಮಾಣ.