ಬಿದ್ದ ಹಾಳೆ, ಎದ್ದ ತಟ್ಟೆ

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಜೊತೆ ಪುತ್ತೂರಿನ ಬಳಿಯ ತಂಗಿಯ ಮನೆಗೆ ಹೋಗಿದ್ದೆ. ತೋಟದಲ್ಲಿ ದೊಪ್ಪನೆ ಅಡಿಕೆ ಸೋಗೆ ಬಿತ್ತು. ತಂಗಿಯ ಮಗ ಮೊಮ್ಮಗಳನ್ನು ಅದರ ಅಗಲವಾದ ಹಾಳೆಯ ಮೇಲೆ ಕೂರಿಸಿ ಅಂಗಳವಿಡೀ ಎಳೆದ. ಮಕ್ಕಳೇ, ನಮ್ಮ ಕಾಲದಲ್ಲಿ ಅದೇ ನಮ್ಮ ಕಾರು!

ಪಕ್ಕದಲ್ಲೇ ಹಾಳೆತಟ್ಟೆ ಮಾಡುವ ಶೆಡ್. ಒಣಗಿಸಿಟ್ಟ ಹಾಳೆಯನ್ನು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಅಂಟು ಬೇಡ, ಬಣ್ಣ ಬೇಡ. ಒಂದೆರಡು ನಿಮಿಷದಲ್ಲಿ ತಟ್ಟೆ ಸಿದ್ಧ.

"ಮಳೆಗೆ ಮೊದಲೇ ಹಾಳೆ ಹೆಕ್ಕಬೇಕು. ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ" ಎಂದರು ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು.

"ಅಜ್ಜ, ಥರ್ಮಾಕೋಲ್ ತಟ್ಟೆಯೂ ಹೀಗೇನಾ?" ಮೊಮ್ಮಗಳು ಕೇಳಿದಳು.

ಅಲ್ಲ, ಅದು ಗಾಳಿ ತುಂಬಿದ ಪ್ಲಾಸ್ಟಿಕ್ ನೊರೆ. ಒಡೆದು ಚೂರಾದೀತು, ಮಣ್ಣಾಗದು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ದೇಶದಲ್ಲೇ ನಿಷೇಧಿಸಿದ್ದಾರೆ. ಆದರೆ ನನ್ನ ನಿವೃತ್ತಿಯ ದಿನ ನೂರು ಜನಕ್ಕೆ ನಾನು ಊಟ ಹಾಕಿಸಿದ್ದು ಥರ್ಮಾಕೋಲ್ ತಟ್ಟೆಯಲ್ಲೇ. ತೊಳೆಯುವ ತಾಪತ್ರಯವಿಲ್ಲವೆಂದು ಹಿಗ್ಗಿದ್ದೆ. ಬ್ಯಾಂಕಿನ ಲೆಕ್ಕವೆಲ್ಲ ಚುಕ್ತಾ ಮಾಡಿ ಬಂದೆ, ಆ ನೂರು ತಟ್ಟೆಗಳ ಲೆಕ್ಕ ಮಾತ್ರ ಎಲ್ಲೋ ಬಾಕಿ ಇದೆ.

ಈ ಸಲ ಮೊಮ್ಮಗಳ ಹುಟ್ಟುಹಬ್ಬದ ಊಟ ಹಾಳೆತಟ್ಟೆಯಲ್ಲಾಯಿತು. ಉಂಡ ತಟ್ಟೆಗಳನ್ನು ಮಲ್ಲಿಗೆ ಗಿಡದ ಬುಡದಲ್ಲಿ ಹೂತೆವು. ಅವಳು ಆಗಾಗ ಕೆದಕಿ ನೋಡುತ್ತಾಳೆ: "ಅಜ್ಜ, ಇನ್ನು ಸ್ವಲ್ಪವೇ ಬಾಕಿ!"