ಕೊಚ್ಚಿಯಿಂದ ಅಗತ್ತಿಗೆ ಎಷ್ಟು ದೂರ?

ಮಕ್ಕಳ ಭೂಪಟ ತೆರೆದು ಅರಬ್ಬೀ ಸಮುದ್ರದಲ್ಲಿ ಲಕ್ಷದ್ವೀಪವನ್ನೊಮ್ಮೆ ಹುಡುಕಿ ನೋಡಿ. ಸೂಜಿಯಿಂದ ಚುಚ್ಚಿದಂತೆ ಕೆಲವು ಚುಕ್ಕೆಗಳು ಕಾಣಿಸುತ್ತವೆ. ಅವುಗಳಲ್ಲೊಂದು ಅಗತ್ತಿ. ಜನವಸತಿಯಿರುವ 10 ದ್ವೀಪಗಳ ಪೈಕಿ ವಿಮಾನ ನಿಲ್ದಾಣ ಇರುವುದು ಇಲ್ಲಿ ಮಾತ್ರ.

ಈ ದ್ವೀಪಗಳು ನಮಗೆ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಗತ್ತಿ ಮಲಬಾರ್ ಜಿಲ್ಲೆಯ ಕಡೆಗಿತ್ತು.

ಕೊಚ್ಚಿಯ ನೆಡುಂಬಾಶ್ಶೇರಿ ನಿಲ್ದಾಣದಿಂದ ಅಗತ್ತಿಗೆ ನೇರ ದೂರ ಸುಮಾರು 460 ಕಿ.ಮೀ. ಈ ದಾರಿಯಲ್ಲಿ ಹಾರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಹಾಗಾದರೆ ಒಂದು ಗಂಟೆಯೊಳಗೆ ತಲಪಬೇಕಲ್ಲವೇ ಎಂದು ನೀವು ಕೇಳಬಹುದು. ಆದರೆ ರನ್‌ವೇ ತನಕ ಉರುಳುವುದು, ಮೇಲೇರುವುದು, ಇಳಿಯುವ ಮೊದಲು ವೇಗ ತಗ್ಗಿಸುವುದು ಎಲ್ಲವೂ ಸೇರಿ ಒಂದೂಕಾಲರಿಂದ ಒಂದೂವರೆ ಗಂಟೆ ಹಿಡಿಯುತ್ತದೆ.

ದೊಡ್ಡ ಜೆಟ್ ವಿಮಾನ ಇಲ್ಲಿಗೇಕೆ ಬರುವುದಿಲ್ಲ? 1988ರಲ್ಲಿ ಆರಂಭವಾದ ಈ ನಿಲ್ದಾಣದ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ದ್ವೀಪದ ದಕ್ಷಿಣ ತುದಿಯಲ್ಲಿ, ಎರಡೂ ಬದಿಗೆ ಕಡಲು. ರನ್‌ವೇ ಗಿಡ್ಡವಾದಷ್ಟೂ ವಿಮಾನ ಹೊರಬಲ್ಲ ಭಾರ ಕಡಿಮೆ. ಆದ್ದರಿಂದ ಪುಟ್ಟ ವಿಮಾನ, ಕೆಲವೇ ಸೀಟುಗಳು.

ಇದೇ ದೂರಕ್ಕೆ ಹಡಗಿನಲ್ಲಾದರೆ 14ರಿಂದ 18 ಗಂಟೆ ಬೇಕು. ಹಲವು ದ್ವೀಪಗಳಲ್ಲಿ ಹಡಗು ದಡಕ್ಕೆ ಬರಲಾಗದೆ ದೂರದಲ್ಲೇ ನಿಲ್ಲುತ್ತದೆ. ಅಲೆಗಳ ಮೇಲೆ ಓಲಾಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ತುಂಬು ಗರ್ಭಿಣಿಗೆ, ಮಂಡಿನೋವಿನ ಅಜ್ಜಿಗೆ ಇದೆಷ್ಟು ಕಷ್ಟವೆಂದು ಯೋಚಿಸಿ.

ಅಗತ್ತಿಯವರಿಗಾದರೂ ವಿಮಾನ ಮನೆಯ ಬಳಿಯೇ ಇದೆ. ರಾಜಧಾನಿ ಕವರತ್ತಿಯವರು ಅದನ್ನು ಹಿಡಿಯಲು ಸುಮಾರು 60 ಕಿ.ಮೀ. ಕಡಲು ದಾಟಬೇಕು. ಮಿನಿಕಾಯ್‌ನಿಂದಂತೂ ಸುಮಾರು 300 ಕಿ.ಮೀ. ತುರ್ತು ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವ ವ್ಯವಸ್ಥೆಯೇನೋ ಇದೆ. ಆದರೆ ಮಳೆಗಾಲದಲ್ಲಿ ಗಾಳಿಮಳೆ ಬಿಡುವು ಕೊಡಬೇಕು. ಹೆರಿಗೆಯ ದಿನ ಹತ್ತಿರವಾದಂತೆ ಅಲ್ಲಿನ ತಾಯಂದಿರು ಆಕಾಶದ ಕಡೆಗೆ ನೋಡದೆ ಇರುವುದು ಹೇಗೆ?

2024ರ ಮಾರ್ಚ್ 31ರಂದು ಬೆಂಗಳೂರಿನಿಂದಲೂ ಅಗತ್ತಿಗೆ ನೇರ ವಿಮಾನ ಆರಂಭವಾಯಿತು. ಅಲ್ಲಿಂದ ದೂರ ಸುಮಾರು 650 ಕಿ.ಮೀ. ಪ್ರವಾಸದ ಆಸೆ ನಿಮಗೂ ಇರಬಹುದು. ಹೋಗುವುದಾದರೆ ಪ್ರವೇಶ ಪರವಾನಗಿಯನ್ನು ಮೊದಲೇ ಮಾಡಿಸಿಕೊಳ್ಳಿ, ಮಳೆಗಾಲ ಬೇಡ. ಕಿಟಕಿಯ ಹೊರಗೆ ಕಡುನೀಲಿ ಕಡಲು ತಿಳಿಹಸಿರಾಗಿ, ನಡುವೆ ತೆಂಗಿನ ತೋಟದ ಒಂದು ಗೆರೆ ಮೂಡಿದಾಗ ಕಣ್ಣುತುಂಬ ನೋಡಿ. ಪಕ್ಕದ ಸೀಟಿನಲ್ಲಿ ಆಸ್ಪತ್ರೆಯ ಫೈಲು ಹಿಡಿದ ಸಹೋದರಿ ಕುಳಿತಿದ್ದರೆ ಒಂದು ಮಾತನಾಡಿಸಿ. ನಮಗದು ಪ್ರವಾಸ, ಆಕೆಗೆ ಅದೇ ಆಸ್ಪತ್ರೆಯ ದಾರಿ.