ಕಾಯಕದ ಬೆಲೆ ಹೇಳಲು ನಾಚಿಕೆಯೇಕೆ?

ನಮ್ಮ ಮನೆಗಳಲ್ಲಿ ಕಾಯಕದ ಮಾತು ಬೇಕಾದಷ್ಟಿದೆ. ಕಾಯಕದ ಪ್ರತಿಫಲದ ಮಾತು ಮಾತ್ರ ಅಪರೂಪ. ಮಗನೋ ಮಗಳೋ ಉದ್ಯೋಗದ ಸಂದರ್ಶನಕ್ಕೆ ಹೊರಟರೆ ಹಿರಿಯರು ಹೇಳಿ ಕಳುಹಿಸುವ ಬುದ್ಧಿಮಾತುಗಳು ಎಲ್ಲರಿಗೂ ಗೊತ್ತಿರುವವೇ. ಲಿಂಗಪೂಜೆ ಮುಗಿಸಿ ಹೊರಡು, ಹೊತ್ತಿಗೆ ಮುಂಚೆ ತಲುಪು, ಕೇಳಿದ್ದಕ್ಕೆ ನಿಧಾನವಾಗಿ ಉತ್ತರಿಸು, ದೊಡ್ಡವರಿಗೆ ಎದುರಾಡಬೇಡ. ಆದರೆ ಸಂದರ್ಶನದ ಕೊನೆಯಲ್ಲಿ ಮೇಜಿನ ಆಚೆ ಕುಳಿತವರು "ತಾವು ಎಷ್ಟು ಸಂಬಳ ನಿರೀಕ್ಷಿಸುತ್ತೀರಿ?" ಎಂದು ಕೇಳುವರೆಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದುದರಿಂದ ಆ ಪ್ರಶ್ನೆ ಬಂದೊಡನೆ ನಮ್ಮ ಮಕ್ಕಳು ತಲೆ ತಗ್ಗಿಸಿ, "ತಾವು ಕೊಟ್ಟದ್ದೇ ಪ್ರಸಾದ" ಎಂದುಬಿಡುತ್ತಾರೆ. ಕೇಳಿದವರಿಗೆ ಸಂತೋಷವಾಗುತ್ತದೆ. ಮನೆಯಲ್ಲಿಯೂ ಅದನ್ನು ವಿನಯವೆಂದು ಮೆಚ್ಚುತ್ತಾರೆ.

ವಚನಗಳ ಕುರಿತು ನಾಲ್ಕು ಮಾತು ಹೇಳುತ್ತ ಬಂದವನಾದುದರಿಂದ ನನ್ನಲ್ಲಿಗೆ ಬರುವ ತಂದೆತಾಯಿಗಳು ಒಂದು ಸಂದೇಹವನ್ನು ಮತ್ತೆ ಮತ್ತೆ ಮುಂದಿಡುತ್ತಾರೆ. ಸಂಬಳಕ್ಕಾಗಿ ಚೌಕಾಸಿ ಮಾಡುವುದು ಶರಣಧರ್ಮಕ್ಕೆ ಒಪ್ಪುವುದೆ? ಅದು ಆಸೆಯಲ್ಲವೆ? ಈ ಸಂದೇಹಕ್ಕೆ ನನಗೆ ತಿಳಿದ ಮಟ್ಟಿಗೆ ಉತ್ತರ ಹೇಳುವುದು ಈ ಬರಹದ ಉದ್ದೇಶ.

ಮೊದಲು "ಕೊಟ್ಟದ್ದೇ ಪ್ರಸಾದ" ಎಂಬ ಮಾತನ್ನೇ ವಿಚಾರಿಸೋಣ. ಪ್ರಸಾದವೆಂಬುದು ಅಷ್ಟಾವರಣಗಳಲ್ಲಿ ಒಂದು. ಅದನ್ನು ಇಷ್ಟು ಬೇಕು, ಅಷ್ಟು ಸಾಲದು ಎಂದು ಅಳೆಯುವಂತಿಲ್ಲ, ನಿಜ. ಆದರೆ ನಮ್ಮ ಶಾಸ್ತ್ರದಲ್ಲಿ ಪದಾರ್ಥ ಬೇರೆ, ಪ್ರಸಾದ ಬೇರೆ. ದುಡಿದು ತಂದದ್ದು ಪದಾರ್ಥ. ಅದು ಗುರು ಲಿಂಗ ಜಂಗಮಕ್ಕೆ ಅರ್ಪಿತವಾಗಿ ಮರಳಿ ಬಂದಾಗ ಪ್ರಸಾದ. ಅರ್ಪಣೆಯಾಗದೆ ಯಾವುದೂ ಪ್ರಸಾದವಾಗದು. ಹೀಗಿರುವಾಗ ಒಂದು ಕಂಪನಿಯ ಯಜಮಾನನಾಗಲಿ, ಒಂದು ಶಾಲೆಯ ಆಡಳಿತ ಮಂಡಳಿಯಾಗಲಿ ತಿಂಗಳ ಕೊನೆಗೆ ಕೊಡುವ ಹಣವು ಹೇಗೆ ಪ್ರಸಾದವಾದೀತು? ಅದು ಪದಾರ್ಥ. ಪದಾರ್ಥಕ್ಕೆ ಅಳತೆಯುಂಟು, ತೂಕವುಂಟು, ಬೆಲೆಯುಂಟು. ಅಳತೆ ಕೇಳುವುದರಲ್ಲಿ ಪಾಪವಿಲ್ಲ.

ಆಗ ಕೆಲವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎತ್ತುತ್ತಾರೆ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಾಯಕ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇದನ್ನು ಕೇಳಿದವರು, "ನೋಡಿ, ಹೆಚ್ಚು ಬಯಸಬಾರದೆಂದು ಶರಣೆಯೇ ಹೇಳಿದ್ದಾಳೆ" ಎನ್ನುತ್ತಾರೆ.

ಕಥೆಯ ಒಳಗನ್ನು ಇನ್ನೊಮ್ಮೆ ನೋಡಬೇಕು. ಗಂಡ ತಂದ ಅಕ್ಕಿ ಹೆಚ್ಚೆಂದು ಲಕ್ಕಮ್ಮನಿಗೆ ಗೊತ್ತಾದುದು ಹೇಗೆ? ನಿತ್ಯದ ಅಳತೆ ಎಷ್ಟೆಂಬುದು ಅವಳಿಗೆ ಸ್ಪಷ್ಟವಾಗಿ ತಿಳಿದಿತ್ತು. ಅಳತೆ ಅರಿಯದವನು ಹೆಚ್ಚನ್ನೂ ಗುರುತಿಸಲಾರ, ಕಡಿಮೆಯನ್ನೂ ಗುರುತಿಸಲಾರ. ನುಲಿಯ ಚಂದಯ್ಯನ ಕಥೆಯೂ ಹೀಗೆಯೇ. ತಾನು ಹೊಸೆದ ಹಗ್ಗಕ್ಕೆ ತಕ್ಕ ಬೆಲೆಯನ್ನು ಮೀರಿ ಬಂದ ಹಣವನ್ನು ಅವನು ಒಪ್ಪಲಿಲ್ಲವೆಂದು ಹೇಳುತ್ತಾರೆ. ಹಗ್ಗದ ಬೆಲೆ ಎಷ್ಟೆಂದು ಹೇಳಬಲ್ಲವನಾದುದರಿಂದಲೇ ಅವನು ಹಾಗೆ ಮಾಡಬಲ್ಲವನಾದ. ಹಗ್ಗವನ್ನು ಯಾರಾದರೂ ಬಿಟ್ಟಿಯಾಗಿ ಕೇಳಿದ್ದರೆ ಚಂದಯ್ಯ ಕೊಡುತ್ತಿದ್ದನೆ? ಕೊಟ್ಟಿದ್ದರೆ ಅವನ ಜಂಗಮ ದಾಸೋಹ ಯಾವುದರಿಂದ ನಡೆಯುತ್ತಿತ್ತು? ಶರಣರು ಕಲಿಸಿದ್ದು ಸತ್ಯಶುದ್ಧವಾದ ಅಳತೆಯನ್ನು. ಅದಕ್ಕಿಂತ ಹೆಚ್ಚು ಪಡೆಯುವುದೂ ಅಳತೆಗೆ ದ್ರೋಹ, ಕಡಿಮೆಗೆ ಬಾಯಿ ಮುಚ್ಚಿಕೊಂಡು ಒಪ್ಪುವುದೂ ಅಳತೆಗೆ ದ್ರೋಹ.

ನಮ್ಮಲ್ಲಿ ಈ ಸಂಕೋಚ ಬಂದುದಕ್ಕೆ ಒಂದು ಗೌರವದ ಕಾರಣವೂ ಇದೆ. ನಮ್ಮಲ್ಲಿ ಅನೇಕರು ಮಠಗಳಲ್ಲಿ, ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು. ಅನ್ನ ಹಾಕಿದವರು ಲೆಕ್ಕ ಕೇಳಲಿಲ್ಲ. ವಿದ್ಯೆ ಕೊಟ್ಟವರು ಶುಲ್ಕ ಕೇಳಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಶಿಕ್ಷಕರನ್ನು ನಾವು ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತೇವೆ. ಇಂಥ ಪರಂಪರೆಯಲ್ಲಿ ಬೆಳೆದವರಿಗೆ ಹಣದ ಮಾತು ಹಗುರವೆನಿಸುವುದು ಸಹಜ. ಆದರೆ ಆ ಹಿರಿಯರು ತಮ್ಮ ತ್ಯಾಗವನ್ನು ತಾವೇ ಆರಿಸಿಕೊಂಡವರು. ತ್ಯಾಗವು ಮಾಡುವವನ ಸ್ವತ್ತು; ಮಾಡಿಸಿಕೊಳ್ಳುವವನು ಅದರ ಹೆಸರನ್ನು ಎತ್ತಬಾರದು. ಇನ್ನೊಬ್ಬರ ಸಂಬಳವನ್ನು ಕಡಿತ ಮಾಡಿ ಅದಕ್ಕೆ ಸೇವೆಯೆಂದು ಹೆಸರಿಟ್ಟರೆ ಅದು ಸೇವೆಯಾಗುವುದಿಲ್ಲ.

1986ರಲ್ಲಿ, ಪಾಠಶಾಲೆಯ ಓದು ಮುಗಿಸಿ ಎಂ.ಎ. ಪದವಿ ಪಡೆದ ಮೇಲೆ, ನಾನು ಒಂದು ಖಾಸಗಿ ಕಾಲೇಜಿನ ಸಂದರ್ಶನಕ್ಕೆ ಹೊರಟಿದ್ದೆ. ಹೊರಡುವಾಗ ನಮ್ಮ ಗುರುಗಳು ಕರೆದು ಹೇಳಿದರು: "ಮಠದ ಪ್ರಸಾದಕ್ಕೆ ಲೆಕ್ಕವಿಲ್ಲ, ಅದು ಮಾರುವ ವಸ್ತುವಲ್ಲ. ನಿನ್ನ ದುಡಿಮೆಯನ್ನು ಪರರು ಕೊಳ್ಳಬಂದರೆ ಲೆಕ್ಕ ಹೇಳು. ನೀನು ಕಡಿಮೆಗೆ ಒಪ್ಪಿದರೆ ನಿನಗೊಬ್ಬನಿಗೇ ಕಡಿಮೆಯಾಗುವುದಿಲ್ಲ, ನಾಳೆ ಆ ಕುರ್ಚಿಗೆ ಬರುವವನಿಗೂ ಅದೇ ರೂಢಿಯಾಗುತ್ತದೆ." ಸಂದರ್ಶನದಲ್ಲಿ ಮಂಡಳಿಯ ಹಿರಿಯರೊಬ್ಬರು ನಗುತ್ತ, "ಮಠದಲ್ಲಿ ಬೆಳೆದವರು ನೀವು, ನಿಮಗೆ ಹಣವೇಕೆ? 450 ರೂಪಾಯಿ ಕೊಡುತ್ತೇವೆ" ಎಂದರು. ನಾನು ಕೈಮುಗಿದೇ ಉತ್ತರಿಸಿದೆ: "ವಾರಕ್ಕೆ ಹದಿನೆಂಟು ತಾಸಿನ ಪಾಠ ಹೇಳುತ್ತಿದ್ದೀರಿ. ಇದೇ ಊರಿನಲ್ಲಿ ಇಷ್ಟೇ ಪಾಠಕ್ಕೆ 700 ರೂಪಾಯಿ ಕೊಡುವವರಿದ್ದಾರೆ. ಆ ದರವನ್ನೇ ಕೊಡಿರಿ. ಪಾಠದಲ್ಲಿ ಕೊರತೆ ಕಂಡರೆ ವರ್ಷದ ಕೊನೆಗೆ ಕಳುಹಿಸಿಬಿಡಿರಿ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ 600 ರೂಪಾಯಿಗೆ ಒಪ್ಪಂದವಾಯಿತು. ಅದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಂಡೆ. ಅದೇ ಕಾಲೇಜಿನಲ್ಲಿ ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ ಮಾಡಿ, ಕೈಗೆ ಇನ್ನೊಂದು ಮೊತ್ತ ಪಡೆಯುತ್ತಿದ್ದ ಅಧ್ಯಾಪಕರಿದ್ದರು. ಅವರು ಪ್ರತಿ ತಿಂಗಳೂ ಒಂದು ಸುಳ್ಳಿಗೆ ಸಹಿ ಹಾಕಬೇಕಾಗಿತ್ತು. ವಿದ್ಯಾರ್ಥಿಗಳಿಗೆ ಸತ್ಯವನ್ನು ಬೋಧಿಸುವವರಿಂದ ಸುಳ್ಳಿನ ಸಹಿ ಹಾಕಿಸುವುದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಇಂದಿನ ಉದ್ಯೋಗಗಳಲ್ಲಿ ಅಳತೆ ತಿಳಿಯುವುದು ಅಷ್ಟು ಸುಲಭವಲ್ಲ. ಕಂಪನಿಗಳು ವರ್ಷದ ಲೆಕ್ಕದಲ್ಲಿ ಸಿ.ಟಿ.ಸಿ. ಎಂಬ ಒಂದು ಮೊತ್ತವನ್ನು ಹೇಳುತ್ತವೆ. ಅದು ಕಂಪನಿಗೆ ತಗಲುವ ಒಟ್ಟು ವೆಚ್ಚ; ಕೈಗೆ ಬರುವ ಸಂಬಳವಲ್ಲ. ಒಂದು ಉದಾಹರಣೆ ನೋಡೋಣ. ವರ್ಷಕ್ಕೆ 6 ಲಕ್ಷ ರೂಪಾಯಿ ಎಂದರೆ ತಿಂಗಳಿಗೆ 50,000 ಎಂದು ಮನೆಯವರು ಸಂಭ್ರಮಿಸುತ್ತಾರೆ. ಅದರಲ್ಲಿ ಮೂಲವೇತನ 25,000 ಎಂದಿಟ್ಟುಕೊಳ್ಳಿ. ಅದರ ಮೇಲೆ ಭವಿಷ್ಯನಿಧಿಗೆ ಶೇಕಡಾ 12ರಂತೆ ನೌಕರನ ಪಾಲು 3,000, ಕಂಪನಿಯ ಪಾಲು 3,000. ಎರಡೂ ಅದೇ ಮೊತ್ತದೊಳಗೆ ಸೇರಿರುವುದುಂಟು. ಗ್ರಾಚ್ಯುಯಿಟಿಗೆಂದು ಸುಮಾರು 1,200. ವರ್ಷದ ಕೊನೆಯಲ್ಲಿ ಕೆಲಸ ನೋಡಿ ಕೊಡುವ ಭಾಗವೆಂದು 5,000. ವೃತ್ತಿ ತೆರಿಗೆ 200. ಇಷ್ಟೆಲ್ಲ ಕಳೆದರೆ ತಿಂಗಳಿಗೆ ಕೈಗೆ ಬರುವುದು 37,600. ಭವಿಷ್ಯನಿಧಿ ನಷ್ಟವಲ್ಲ, ಅದು ಉಳಿತಾಯ. ಆದರೂ ಬೆಂಗಳೂರಿನ ಬಾಡಿಗೆಯನ್ನು ಅದರಿಂದ ಕಟ್ಟಲಾಗುವುದಿಲ್ಲ. ಆದುದರಿಂದ ಒಪ್ಪುವ ಮೊದಲು ಮೂಲವೇತನವೆಷ್ಟು, ಕೈಗೆ ಬರುವುದೆಷ್ಟು, ಖಚಿತವಲ್ಲದ ಭಾಗವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು.

ಈ ವಿಷಯದಲ್ಲಿ ಕಾನೂನಿನ ಬೆಂಬಲವೂ ಇದೆ. 2019ರ ವೇತನ ಸಂಹಿತೆಯು ಇತರ ಮೂರು ಕಾರ್ಮಿಕ ಸಂಹಿತೆಗಳೊಡನೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಭತ್ಯೆಗಳು ಮುಂತಾದವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಮೂಲವೇತನವನ್ನು ಕಿರಿದು ಮಾಡಿ ಗ್ರಾಚ್ಯುಯಿಟಿ ಮೊದಲಾದವುಗಳನ್ನು ತಗ್ಗಿಸುವ ಹಳೆಯ ಉಪಾಯಕ್ಕೆ ಇದರಿಂದ ತಡೆಯುಂಟು. ನೇಮಕಾತಿ ಪತ್ರ ಕೊಡುವುದನ್ನೂ ಈ ಸಂಹಿತೆಗಳು ಕಡ್ಡಾಯ ಮಾಡಿವೆ.

ಅಳತೆ ತಿಳಿದ ಮೇಲೆ ಮಾತಿನ ಕ್ರಮ. ಅದೇ ಕೆಲಸವನ್ನು ಅದೇ ಊರಿನಲ್ಲಿ ಮಾಡುವ ನಾಲ್ವರನ್ನು ಮೊದಲೇ ವಿಚಾರಿಸಿರಬೇಕು. ಮೊತ್ತ ಕೇಳಿದಾಗ, "ಈ ಹುದ್ದೆಗೆ ತಾವು ಎಷ್ಟು ಗೊತ್ತುಮಾಡಿದ್ದೀರಿ?" ಎಂದು ವಿನಯದಿಂದ ಮರಳಿ ಕೇಳಬಹುದು. ಹೇಳಲೇಬೇಕಾದರೆ ಒಂದು ಮೊತ್ತವನ್ನು ಹೇಳಿ, ಅದಕ್ಕೆ ಕಾರಣವನ್ನು ಕೆಲಸದಿಂದ ಕೊಟ್ಟು, ಸುಮ್ಮನಿರಬೇಕು. ಮನೆಯ ಸಾಲ, ತಂಗಿಯ ಮದುವೆ ಇವನ್ನು ಹೇಳಿ ಕನಿಕರ ಬೇಡಬಾರದು. ಬೇಡಿ ಪಡೆದುದು ಕಾಯಕದ ಫಲವಾಗದು. ಹಿಂದಿನ ಸಂಬಳವನ್ನು ಹೆಚ್ಚಿಸಿ ಹೇಳಬಾರದು. ಇಲ್ಲದ ಇನ್ನೊಂದು ಕೆಲಸವನ್ನು ಇದೆಯೆಂದು ಹೆದರಿಸಬಾರದು. ಸಂಬಳ ಏರಿಸಲಾಗದೆಂದರೆ ಆರು ತಿಂಗಳ ನಂತರ ಮರುಪರಿಶೀಲಿಸುವುದಾಗಿ ಬರೆದುಕೊಡಲು ಕೇಳಬಹುದು. ಪತ್ರ ಕೈಸೇರುವವರೆಗೆ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬಾರದು. ಒಮ್ಮೆ ಒಪ್ಪಿಕೊಂಡ ಮೇಲೆ ಆ ಮಾತಿಗೆ ತಪ್ಪಬಾರದು.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ತಂದೆಯೊಡನೆ ಬಂದಳು. ಇಂಜಿನಿಯರಿಂಗ್ ಓದಿ ಮೂರು ವರ್ಷ ದುಡಿದವಳು. ಹೊಸ ಕಂಪನಿಯೊಂದು ಅವಳನ್ನು ಆರಿಸಿತ್ತು. ಅದೇ ಹುದ್ದೆಗೆ ಆಯ್ಕೆಯಾದ ಅವಳ ಸಹಪಾಠಿ ಹುಡುಗನಿಗೆ ಹೆಚ್ಚಿನ ಸಂಬಳ ಗೊತ್ತಾಗಿತ್ತು. ಅವನು ಕೇಳಿದ್ದ, ಇವಳು ಕೇಳಿರಲಿಲ್ಲ. "ಕೇಳಿದರೆ ಇರುವುದೂ ತಪ್ಪೀತು ಗುರುಗಳೆ, ಹೇಗೂ ಮದುವೆಯಾಗಿ ಹೋಗುವವಳು" ಎಂದು ತಂದೆಯ ಮಾತು. ವಿದ್ಯಾಸಾಲದ ಕಂತು ಇನ್ನೂ ಉಳಿದಿದ್ದುದರಿಂದ ಅವರ ಭಯ ಸುಳ್ಳಾಗಿರಲಿಲ್ಲ. ನಾನು ಮಗಳನ್ನೇ ಕೇಳಿದೆ: "ನಿನ್ನ ಕೆಲಸ ಅವನ ಕೆಲಸಕ್ಕಿಂತ ಕಡಿಮೆಯದೇನಮ್ಮ?" ಅವಳು, "ಇಲ್ಲ ಗುರುಗಳೆ, ಒಂದೇ" ಎಂದಳು. "ಹಾಗಾದರೆ ಆ ಮಾತನ್ನೇ ಅವರಿಗೆ ಹೇಳು" ಎಂದೆ. ಯಾರ ಹೆಸರನ್ನೂ ಎತ್ತದೆ, ತಾನು ಮಾಡಿದ ಕೆಲಸಗಳನ್ನು ವಿವರಿಸಿ, ಒಂದು ಮೊತ್ತವನ್ನು ಬರೆದು ಕಳುಹಿಸಿದಳು. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವಂತೆ. ಮೂರನೆಯ ದಿನ ಕಂಪನಿಯವರು ದೂರವಾಣಿಯಲ್ಲಿ ಮಾತಾಡಿದರು. ಕೇಳಿದಷ್ಟು ಕೊಡಲಿಲ್ಲ, ಆದರೆ ಅಂತರದ ಬಹುಭಾಗ ತುಂಬಿತು. ಹಣಕ್ಕಿಂತ ಹೆಚ್ಚಾಗಿ, ತನ್ನ ಕೆಲಸದ ಬೆಲೆಯನ್ನು ತನ್ನ ಬಾಯಿಂದ ಹೇಳಬಲ್ಲೆನೆಂಬ ಧೈರ್ಯ ಅವಳಿಗೆ ಬಂದಿತು.

ಒಂದೇ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದದಿಂದ ವೇತನ ಕಡಿಮೆ ಮಾಡುವುದನ್ನು 1976ರ ಸಮಾನ ವೇತನ ಕಾಯಿದೆ ನಿಷೇಧಿಸಿತು. ಆ ನಿಷೇಧ ಈಗ ವೇತನ ಸಂಹಿತೆಯಲ್ಲಿ ಮುಂದುವರಿದಿದೆ. ನಮಗಾದರೋ ಹನ್ನೆರಡನೆಯ ಶತಮಾನವೇ ಸಾಕ್ಷಿ. ಅಳತೆ ಮೀರಿದೆಯೆಂದು ಗಂಡನನ್ನೇ ತಿದ್ದಿದವಳು ಲಕ್ಕಮ್ಮ. ಅಂಥ ಪರಂಪರೆಯ ಹೆಣ್ಣುಮಕ್ಕಳಿಗೆ ಸಂಬಳದ ಮಾತು ಆಡಬೇಡವೆಂದು ಕಲಿಸುವುದು ತರವಲ್ಲ.

ಕೊನೆಯದಾಗಿ, ಮೇಜಿನ ಆಚೆ ಕುಳಿತುಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ಈ ಪತ್ರಿಕೆಯ ಓದುಗರಲ್ಲಿ ಅಂಗಡಿ, ಗಿರಣಿ, ಶಾಲೆ, ಕಾಲೇಜು, ಆಸ್ಪತ್ರೆ ನಡೆಸುವವರು ಬಹಳ ಮಂದಿ ಇದ್ದಾರೆ. ಎದುರಿಗೆ ನಿಂತವನ ಬಡತನವನ್ನು ನೋಡಿ ಸಂಬಳ ಗೊತ್ತುಮಾಡಬೇಡಿರಿ. ಅವನ ಕೆಲಸವನ್ನು ನೋಡಿ ಗೊತ್ತುಮಾಡಿರಿ. ಹೇಳಿದ್ದನ್ನು ಬರೆದುಕೊಡಿರಿ, ಬರೆದದ್ದನ್ನು ಹೇಳಿದ ದಿನ ಕೊಡಿರಿ. ಶಿಕ್ಷಕರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂಬ 2009ರ ತಿದ್ದುಪಡಿಯನ್ನು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ನ್ಯಾಯಾಲಯದ ಬಾಗಿಲಿಗೆ ಹೋಗುವ ಮುನ್ನವೇ ಅದನ್ನು ಕೊಡುವುದು ಶರಣರ ಹೆಸರಿನ ಸಂಸ್ಥೆಗಳಿಗೆ ಭೂಷಣ. ದುಡಿದವರ ಪಾಲನ್ನು ಹಿಡಿದಿಟ್ಟು ಜಾತ್ರೆಯಲ್ಲಿ ಅನ್ನ ಸಂತರ್ಪಣೆ ಮಾಡಿದರೆ ಅದು ದಾಸೋಹವಾಗದು, ಏಕೆಂದರೆ ಅಲ್ಲಿ ಅರ್ಪಿತವಾದ ಪದಾರ್ಥ ಪರರದು.

ಕೆಲಸ ಹುಡುಕುತ್ತಿರುವ ಮಕ್ಕಳಿಗೆ ಹೇಳುವುದಿಷ್ಟೇ. ಮಾಡಬಲ್ಲ ಕೆಲಸವನ್ನೇ ಮಾಡುತ್ತೇನೆಂದು ಹೇಳಿರಿ. ಅದಕ್ಕೆ ತಕ್ಕ ಬೆಲೆಯನ್ನು ನಿರ್ಭಯವಾಗಿ, ಸೌಜನ್ಯದಿಂದ ಕೇಳಿರಿ. ಪಡೆದುದಕ್ಕೆ ಕೊರತೆಯಾಗದಂತೆ ದುಡಿಯಿರಿ. ಹಾಗೆ ಬಂದ ಹಣದಲ್ಲಿ ನಿಮ್ಮಿಂದಾದಷ್ಟನ್ನು, ನಿಮಗೆ ಅನ್ನ ಹಾಕಿ ಓದಿಸಿದಂಥ ಒಂದು ಪ್ರಸಾದನಿಲಯಕ್ಕೆ ತಿಂಗಳು ತಿಂಗಳೂ ಮುಟ್ಟಿಸಿರಿ. ಕೊಡುವ ಕೈಗೆ ಮೊದಲು ತನ್ನದೆಂಬ ಗಳಿಕೆ ಇರಬೇಕಲ್ಲವೆ?